ನೀರಿಗಿಂತ ರಸ್ತೆಯಲ್ಲೇ ಜಾಸ್ತಿ ಸವೆಯುವ ಸೆಂಟರ್‌ಬೋರ್ಡ್

ಹುಬ್ಬಳ್ಳಿಯಿಂದ ಟ್ರೇಲರ್ ಮೇಲೆ ಹಾಯಿದೋಣಿ ಹೇರಿಕೊಂಡು ಕಾರವಾರಕ್ಕೆ ಹೋಗಿಬರುವವರು ನನ್ನ ವರ್ಕ್‌ಶಾಪಿಗೆ ತರುವ ದೂರು ಎರಡೇ. ‘ಬೋರ್ಡ್ ಕೆಳಗ ಇಳಿಯಂಗಿಲ್ರೀ’, ಇಲ್ಲಾಂದ್ರೆ ‘ಬೋಲ್ಟ್ ಹತ್ರ ನೀರು ಬರಾಕತ್ತೈತ್ರೀ’. ಇಬ್ಬರೂ ಬೈಯುವುದು ಸಮುದ್ರವನ್ನು. ನಾನು ಮೊದಲು ಕೇಳುವುದು, ಅರಬೈಲು ಘಟ್ಟ ಇಳಿಯುವಾಗ ಬೋರ್ಡ್ ಎಲ್ಲಿತ್ತು ಅಂತ.

ಸೆಂಟರ್‌ಬೋರ್ಡ್ ಅಂದರೆ ದೋಣಿಯ ನಡುವಿನ ಕಿರಿದಾದ ಪೆಟ್ಟಿಗೆಯೊಳಗಿಂದ, ಅಡಿಯ ಸೀಳಿನ ಮೂಲಕ ನೀರಿಗಿಳಿಯುವ ಹಲಗೆ. ದೋಣಿ ಅಡ್ಡಕ್ಕೆ ಜಾರದಂತೆ ತಡೆಯುವುದು ಅದೇ. ಗಾಳಿಗೆ ಎದುರಾಗಿ ಓರೆಯಾಗಿ ಹೋಗುವಾಗ ಪೂರ್ತಿ ಕೆಳಗೆ, ಗಾಳಿ ಪಕ್ಕದಿಂದ ಬೀಸಿದರೆ ಅರ್ಧ, ಹಿಂದಿನಿಂದಾದರೆ ಸ್ವಲ್ಪ ಮಾತ್ರ. ಜೋರು ಗಾಳಿಯಲ್ಲಿ ದೋಣಿ ತಾನಾಗಿ ಗಾಳಿಯ ಕಡೆ ತಿರುಗುತ್ತಾ ಚುಕ್ಕಾಣಿ ಕೈ ಎಳೆಯುತ್ತದೆ, ಅಲ್ವಾ? ಬೋರ್ಡನ್ನು ತುಸು ಮೇಲೆತ್ತಿ. ಅದು ಹಿಂದಕ್ಕೆ ವಾಲುತ್ತದೆ, ಕೈ ಹಗುರಾಗುತ್ತದೆ.

ಈಗ ಬೋಲ್ಟಿನ ವಿಷಯ. 1956ರಲ್ಲಿ ಜ್ಯಾಕ್ ಹೋಲ್ಟ್ ವಿನ್ಯಾಸ ಮಾಡಿದ ಎಂಟರ್‌ಪ್ರೈಸ್‌ನಂಥ ದೋಣಿಗಳಲ್ಲಿ ಇಡೀ ಬೋರ್ಡ್ ತೂಗುವುದು, ತಿರುಗುವುದು ಒಂದೇ ಬೋಲ್ಟಿನ ಮೇಲೆ. ನೀರಿನಲ್ಲಿ ಅದಕ್ಕೆ ಅಂಥ ಕಷ್ಟವಿಲ್ಲ. ರಸ್ತೆಯಲ್ಲಿ ಮಾತ್ರ ಪ್ರತಿ ಗುಂಡಿಗೂ ಬೋರ್ಡ್ ಎದ್ದು ಬಿದ್ದು ಬೋಲ್ಟನ್ನು ಗುದ್ದುತ್ತದೆ. ದುಂಡಗಿದ್ದ ತೂತು ಉದ್ದವಾಗುತ್ತದೆ, ಬೋರ್ಡ್ ಲಟಪಟ ಅನ್ನುತ್ತದೆ, ವಾಷರ್ ಸಡಿಲಾಗಿ ನೀರು ಜಿನುಗುತ್ತದೆ. ಉಪಾಯ ಸರಳ. ಬೋರ್ಡ್ ಬಿಚ್ಚಿ, ಹಳೆ ರಗ್ಗಿನಲ್ಲಿ ಸುತ್ತಿ, ಕಾರಿನೊಳಗೆ ಮಲಗಿಸಿ. ಅಷ್ಟು ಬೇಜಾರು ಅನ್ನಿಸಿದರೆ ಮೇಲೆತ್ತಿ, ಅಲ್ಲಾಡದಂತೆ ದೋಣಿಯ ಅಡಿಯಿಂದ ಬೆಲ್ಟ್ ಹಾಕಿ ಬಿಗಿಯಿರಿ.

ತೂತು ಸವೆದಿದ್ದರೆ ಸುಮ್ನೆ ದಪ್ಪ ಬೋಲ್ಟ್ ತುರುಕಬೇಡಿ. ಬಣ್ಣವಿಲ್ಲದ ಬರಿ ಮರ ಬಯಲಾಗಿ ನೀರು ಕುಡಿಯುತ್ತದೆ. ತೂತನ್ನು ದೊಡ್ಡದು ಮಾಡಿ, ಒಣಗಿಸಿ, ಗಟ್ಟಿ ಕಲಸಿದ ಎಪಾಕ್ಸಿ ಅಂಟು ತುಂಬಿ. ಅದು ಕಲ್ಲಾದ ಮೇಲೆ ಸರಿಯಾದ ಅಳತೆಗೆ ಮತ್ತೆ ಡ್ರಿಲ್ ಮಾಡಿ. ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 304ಕ್ಕೆ ಉಪ್ಪು ನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಹಿಡಿದು ಇವೆರಡರ ವ್ಯತ್ಯಾಸ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಎರಡೂ ಬದಿಗೆ ಮೊದಲು ರಬ್ಬರ್ ವಾಷರ್, ಅದರ ಮೇಲೆ ಸ್ಟೀಲ್. ನೀರು ನಿಲ್ಲಲಿ ಅಂತ ಸಿಕ್ಕಾಪಟ್ಟೆ ಬಿಗಿದರೆ ಪೆಟ್ಟಿಗೆಯ ಗೋಡೆ ಒಳಕ್ಕೆ ಬಾಗಿ ಬೋರ್ಡನ್ನೇ ಕಚ್ಚುತ್ತದೆ.

ಇಳಿಯದ ಬೋರ್ಡಿಗೆ ಮೇಲಿಂದ ಸುತ್ತಿಗೆ ಏಟು ಬೇಡ. ದೋಣಿ ಓರೆ ಮಾಡಿ ಕೆಳಗಿನ ಸೀಳಿಗೆ ಪೈಪಿನಿಂದ ನೀರು ಬಿಟ್ಟರೆ ಮರಳು, ಚಿಪ್ಪು ಸಾಮಾನ್ಯವಾಗಿ ಹೊರಬೀಳುತ್ತವೆ. ಆಗಲೂ ಇಳಿಯದಿದ್ದರೆ ಮರ ಉಬ್ಬಿದೆ ಅಂತ ಅರ್ಥ. ನಮ್ಮ ಬಿಸಿಲಿಗೆ ಪೇಂಟ್ ಬಿರಿಯುತ್ತದೆ, ಕರಾವಳಿಯ ನೀರು ಅದೇ ಬಿರುಕಿನಿಂದ ಒಳಗಿಳಿಯುತ್ತದೆ. ಬೋರ್ಡನ್ನು ನೆರಳಲ್ಲಿ ನಿಧಾನಕ್ಕೆ ಒಣಗಿಸಿ, ಬಿಸಿಲಿಗಿಟ್ಟರೆ ಬಾಗೀತು. ಆಮೇಲೆ ಉಜ್ಜಿ, ಅಂಚುಗಳಿಗೆ ಎಪಾಕ್ಸಿ ಹಚ್ಚಿ. ರೇಸಿಗೆ ಇಳಿಯುವವರು ಅಂಚಿನ ಆಕಾರ ಬದಲಿಸುವ ಮುನ್ನ ಆ ದೋಣಿಯ ನಿಯಮ ಓದಿಕೊಳ್ಳಿ.

ಸೋರಿಕೆ ನಿಂತಿದೆಯೇ ಅಂತ ನೋಡಲು ಕಾರವಾರದವರೆಗೂ ಹೋಗಬೇಕಿಲ್ಲ. ಸೀಳಿಗೆ ಕೆಳಗಿನಿಂದ ಅಗಲವಾದ ಟೇಪ್ ಅಂಟಿಸಿ, ಪೆಟ್ಟಿಗೆಗೆ ಬೋಲ್ಟ್ ಮುಳುಗುವಷ್ಟು ನೀರು ತುಂಬಿ, ದೋಣಿಯ ಒಳಗೆ ಬೋಲ್ಟಿನ ಕೆಳಗೆ ಒಣ ಪೇಪರ್ ಹಾಸಿ. ಒಂದು ತಾಸು ಬಿಟ್ಟು ಬಂದು ನೋಡಿ.