ಯೆರೂಸಲೇಮಿನ ಬಡವರಿಗಾಗಿ ಪೌಲ ಎತ್ತಿದ ಕಾಣಿಕೆ: ಅಧ್ಯಯನ ಟಿಪ್ಪಣಿ

ಓದಬೇಕಾದ ಭಾಗ: 1 ಕೊರಿಂಥ 16:1-4, 2 ಕೊರಿಂಥ 8 ಮತ್ತು 9

ಕಾಣಿಕೆ ಅಂದ ಕೂಡಲೇ ನಮ್ಮ ಪಾಠಗಳು ದಶಮಾಂಶದಿಂದ ಶುರುವಾಗುತ್ತವೆ. ಈ ಸಲ ಅದನ್ನು ಬದಿಗಿಡೋಣ. ಇವು ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಪತ್ರಗಳ ಅಧ್ಯಾಯಗಳು. ಇವುಗಳಲ್ಲಿ ಅವನು ಹಣದ ವಿಷಯ ಇಷ್ಟುದ್ದ ಮಾತಾಡಿದರೂ ಹತ್ತರಲ್ಲೊಂದು ಪಾಲಿನ ಲೆಕ್ಕ ತೆಗೆಯುವುದೇ ಇಲ್ಲ.

ಮೊದಲು ಹಿನ್ನೆಲೆ. ಕ್ಲೌದಿಯ ಚಕ್ರವರ್ತಿಯ ಕಾಲದಲ್ಲಿ (ಕ್ರಿ.ಶ. 41-54) ಯೂದಾಯದಲ್ಲಿ ಬರಗಾಲ ಬಂತು. ಅದಿಯಾಬೇನೆ ಅನ್ನುವ ರಾಜ್ಯದ ರಾಣಿ ಹೆಲೆನಾ ಐಗುಪ್ತದಿಂದ ಧಾನ್ಯ, ಸೈಪ್ರಸ್‌ನಿಂದ ಒಣ ಅಂಜೂರ ತರಿಸಿ ಯೆರೂಸಲೇಮಿನಲ್ಲಿ ಹಂಚಿಸಿದಳು ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂತಿಯೋಕ್ಯದ ಶಿಷ್ಯರೂ ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಕೂಡಿಸಿ, ಬಾರ್ನಬ ಮತ್ತು ಸೌಲನ (ಅಂದರೆ ಪೌಲನ) ಕೈಯಲ್ಲಿ ಕಳಿಸಿದರು (ಅಪೊಸ್ತಲರ ಕೃತ್ಯಗಳು 11:27-30). ಯೆರೂಸಲೇಮ್ ಸಭೆಯ ಮುಖಂಡರಾದ ಯಾಕೋಬ, ಕೇಫ (ಪೇತ್ರ), ಯೋಹಾನ ಈ ಮೂವರು ಪೌಲನಿಗೆ ಸ್ನೇಹದಿಂದ ಬಲಗೈ ಕೊಟ್ಟು ಕಳಿಸುವಾಗ ಕೇಳಿದ್ದು ಒಂದೇ ಮಾತು: ಬಡವರನ್ನು ಮರೆಯಬೇಡಿ (ಗಲಾತ್ಯ 2:10). ಪೌಲ ಆ ಮಾತು ಮರೆಯಲಿಲ್ಲ. ಸುಮಾರು ಕ್ರಿ.ಶ. 55ರ ಹೊತ್ತಿಗೆ ಗಲಾತ್ಯ, ಮಕೆದೋನ್ಯ, ಕೊರಿಂಥ ಇರುವ ಅಖಾಯ ಸೀಮೆಗಳ ಸಭೆಗಳಲ್ಲೆಲ್ಲ ಈ ಕಾಣಿಕೆ ಎತ್ತುವ ಕೆಲಸ ನಡೆದಿತ್ತು.

ಈಗ 1 ಕೊರಿಂಥ 16:2ಕ್ಕೆ ಬನ್ನಿ. ಈ ವಚನವನ್ನು ನಾವು ಸುಮ್ನೆ ಓದಿ ಮುಂದೆ ಹೋಗಿಬಿಡುತ್ತೇವೆ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಒಂದಿಷ್ಟು ತೆಗೆದು ತಮ್ಮ ಬಳಿಯೇ ಕೂಡಿಡಬೇಕು. ಯಾಕೆ? ನಾನು ಬಂದಾಗ ವಸೂಲಿ ಮಾಡುವಂತಾಗಬಾರದು ಅಂತಾನೆ. ಕೊರಿಂಥ ಬಂದರಿನ ವ್ಯಾಪಾರದ ಊರು, ಆದರೆ ಸಭೆಯಲ್ಲಿ ದೊಡ್ಡ ಮನೆತನದವರು ಬಹಳ ಇರಲಿಲ್ಲ (1:26). ಒಂದೇ ಸಲ ದೊಡ್ಡ ಮೊತ್ತ ತನ್ನಿ ಅಂದಿದ್ದರೆ ಕೂಲಿಯವರು ಹಿಂದಿನ ಸಾಲಿಗೆ ಸರಿದು ನಿಲ್ಲಬೇಕಿತ್ತು. ವಾರಕ್ಕಿಷ್ಟು ಅಂದಾಗ ಅವರೂ ಸಮಾನರು. ಕೆಲಸ ಸಿಕ್ಕ ವಾರ ಜಾಸ್ತಿ, ಸಿಗದ ವಾರ ಕಡಿಮೆ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು. ಪ್ರತಿ ವಾರ ಕೊಡುವುದು ರೂಢಿಯಾಗಿಬಿಟ್ಟರೆ ಮನಸ್ಸು ಎಲ್ಲಿರುತ್ತದೆ ಅಂತ ಕೆಲವರು ಕೇಳುತ್ತಾರೆ. ಪೌಲನ ಏರ್ಪಾಡು ನೋಡಿದರೆ ಉಲ್ಟಾ ಅನಿಸುತ್ತದೆ. ಅಪೊಸ್ತಲನೇ ಎದುರು ನಿಂತು ಕೇಳಿದರೆ ಇಲ್ಲ ಅನ್ನೋದು ಕಷ್ಟ ಅಲ್ವಾ? ಮನೆಯಲ್ಲಿ, ಯಾರೂ ನೋಡದಾಗ ತೆಗೆದಿಟ್ಟ ಹಣಕ್ಕೆ ಆ ದಾಕ್ಷಿಣ್ಯ ಇಲ್ಲ. ನಮ್ಮ ಸುಗ್ಗಿ ಹಬ್ಬದ ಹರಾಜನ್ನೇ ನೆನೆಸಿಕೊಳ್ಳಿ. ಮೈಕಿನಲ್ಲಿ ಹೆಸರು ಕೂಗುತ್ತಾ ಒಂದು ಬಾಳೆಗೊನೆಯ ಬೆಲೆ ಏರಿಸುವುದು ಖುಷಿಯ ವಿಷಯವೇ, ಬೇಡ ಅನ್ನುತ್ತಿಲ್ಲ. ಆದರೆ ಪೌಲ ಇಲ್ಲಿ ಕೇಳಿದ್ದು ಆ ಬಗೆಯದ್ದಲ್ಲ. ಮಿಜೋರಾಮ್‌ನ ಮನೆಗಳಲ್ಲಿ ನಡೆದುಬಂದ ‘ಹಿಡಿ ಅಕ್ಕಿ’ ಪದ್ಧತಿ ಇದಕ್ಕೆ ಹೆಚ್ಚು ಹತ್ತಿರ. ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾರೆ. ಅದನ್ನು ಸಭೆಯವರು ಕೂಡಿಸಿ ಮಾರಿ, ಬಂದ ಹಣವನ್ನು ಸೇವೆಗೆ ಬಳಸುತ್ತಾರೆ.

2 ಕೊರಿಂಥ 8ರ ಹೊತ್ತಿಗೆ ಕಥೆ ಸ್ವಲ್ಪ ಕೆಟ್ಟಿದೆ. ಹಿಂದಿನ ವರ್ಷ ಎಲ್ಲರಿಗಿಂತ ಮೊದಲು ಮನಸ್ಸು ಮಾಡಿದ ಕೊರಿಂಥದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ. ಅತ್ತ ಮಕೆದೋನ್ಯದವರು ಕಡುಬಡತನದಲ್ಲಿದ್ದೂ ನಮಗೂ ಇದರಲ್ಲಿ ಪಾಲು ಕೊಡಿ ಅಂತ ತಾವೇ ಬೇಡಿಕೊಂಡಿದ್ದಾರೆ (8:1-5). ಬಿಟ್ಟ ಕೆಲಸ ಮುಗಿಸಲು ಪೌಲ ತನ್ನ ಜೊತೆ ಕೆಲಸದವನಾದ ತೀತನನ್ನು ಕೊರಿಂಥಕ್ಕೆ ಕಳಿಸುತ್ತಾನೆ. 8:12 ಗುರುತು ಹಾಕಿಕೊಳ್ಳಿ: ಮನಸ್ಸಿದ್ದರೆ ಇರುವುದರಿಂದ ಕೊಟ್ಟದ್ದೇ ಸಾಕು, ಇಲ್ಲದ್ದನ್ನು ಯಾರೂ ಕೇಳುತ್ತಿಲ್ಲ. ಇತರರಿಗೆ ಸುಖ, ನಿಮಗೆ ಕಷ್ಟ ಆಗಲಿ ಅನ್ನುವುದೂ ಅವನ ಉದ್ದೇಶವಲ್ಲ. ಇಂದು ನಿಮ್ಮಲ್ಲಿ ಹೆಚ್ಚಾಗಿರುವುದು ಅವರ ಕೊರತೆಗೆ, ನಾಳೆ ಅವರದ್ದು ನಿಮ್ಮ ಕೊರತೆಗೆ. ಇದಕ್ಕೆ ಅವನು ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ಪ್ರಸಂಗ ತರುತ್ತಾನೆ: ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ (ವಿಮೋಚನಕಾಂಡ 16:18).

ಬೇಸರದಿಂದಲೋ ಬಲವಂತಕ್ಕೋ ಕೊಡಬೇಡಿ ಅನ್ನುವ 9:7 ಎಲ್ಲರಿಗೂ ಬಾಯಿಪಾಠ. ಆದರೆ ಅದಕ್ಕೆ ಸ್ವಲ್ಪ ಮೊದಲು, 9:2-4ರಲ್ಲಿ, ನಿಮ್ಮ ಬಗ್ಗೆ ಮಕೆದೋನ್ಯದಲ್ಲಿ ಹೊಗಳಿದ್ದೇನೆ, ಅವರು ಬಂದಾಗ ನೀವು ಸಿದ್ಧವಾಗಿರದಿದ್ದರೆ ನನಗೂ ನಿಮಗೂ ನಾಚಿಕೆ ಅಂತ ಅದೇ ಪೌಲ ಬರೆದಿದ್ದಾನೆ! ಇದು ಒತ್ತಡವೇ ಅಲ್ಲ ಅಂತ ಸಮರ್ಥಿಸಲು ನಾನು ಹೋಗುವುದಿಲ್ಲ. ಒಂದು ವ್ಯತ್ಯಾಸವಂತೂ ಇದೆ: ಎಷ್ಟು ಕೊಡಬೇಕು ಅನ್ನುವುದನ್ನು ಅವನು ಎಲ್ಲೂ ಹೇಳುವುದಿಲ್ಲ. ಒಪ್ಪಿದ್ದನ್ನು ಮುಗಿಸಿ ಅಂತಾನೆ, ಅಷ್ಟೇ. ಗುಂಪಿನಲ್ಲಿ ಇದನ್ನು ಚರ್ಚೆ ಮಾಡಿ, ಅಭಿಪ್ರಾಯ ಒಂದೇ ಆಗಬೇಕಿಲ್ಲ.

ಇನ್ನು ಲೆಕ್ಕದ ವಿಷಯ. ಹಣ ಒಯ್ಯುವವರನ್ನು ನೀವೇ ಆರಿಸಿ, ನಾನು ಪತ್ರ ಕೊಟ್ಟು ಕಳಿಸುತ್ತೇನೆ ಅಂತ ಪೌಲ ಮೊದಲೇ ಹೇಳಿದ್ದ (1 ಕೊರಿಂಥ 16:3). ತೀತನ ಜೊತೆ ಹೊರಟ ಇಬ್ಬರು ಸಹೋದರರಲ್ಲಿ ಒಬ್ಬನನ್ನು ಸಭೆಗಳೇ ನೇಮಿಸಿದ್ದವು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅನ್ನುವುದು ಪೌಲನ ಕಾರಣ (2 ಕೊರಿಂಥ 8:18-21). ಅ. ಕೃತ್ಯಗಳು 20:4ರಲ್ಲಿ ಅವನ ಜೊತೆ ಹೊರಟ ಬೆರೋಯದ ಸೋಪತ್ರ, ಥೆಸಲೋನಿಕದ ಅರಿಸ್ತಾರ್ಕ ಮತ್ತು ಸೆಕುಂದ, ಆಸ್ಯ ಸೀಮೆಯ ತುಖಿಕ ಮತ್ತು ತ್ರೊಫಿಮ ಮೊದಲಾದವರ ಹೆಸರುಗಳಿವೆ. ಇವರು ತಮ್ಮ ತಮ್ಮ ಸಭೆಗಳ ಪರವಾಗಿ ಈ ಹಣದ ಜೊತೆ ಹೊರಟವರು ಅಂತ ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಮುಂದಿನ ಸಲ ರೋಮಾಪುರದವರಿಗೆ 15:25-31 ಓದಿಕೊಂಡು ಬನ್ನಿ. ಯೆರೂಸಲೇಮಿನವರು ಈ ಕಾಣಿಕೆಯನ್ನು ಒಪ್ಪಿಕೊಳ್ಳುತ್ತಾರೋ ಇಲ್ಲವೋ ಅನ್ನುವ ಅಳುಕು ಪೌಲನಿಗೆ ಯಾಕಿತ್ತು ಅನ್ನುವುದರಿಂದಲೇ ಶುರು ಮಾಡೋಣ.