ಜೆಂಡರ್ ಬಜೆಟ್ ಅಂದ್ರೆ ಹೆಂಗಸರಿಗೆ ಬೇರೆ ದುಡ್ಡಾ?

ಪ್ರಶ್ನೆ: ಬಜೆಟ್ ಬಂದಾಗೆಲ್ಲ ಪೇಪರಿನಲ್ಲಿ ‘ಜೆಂಡರ್ ಬಜೆಟ್’ ಅಂತ ಓದುತ್ತೇನೆ. ಹೆಂಗಸರಿಗೆ ಅಂತ ಬೇರೆಯೇ ದುಡ್ಡು ಇಡ್ತಾರಾ? ನಮ್ಮ ಉಡುಪಿ ಕಡೆ ಅದು ಕಾಣುವುದೇ ಇಲ್ಲವಲ್ಲ?

ಉತ್ತರ: ಬೇರೆ ದುಡ್ಡು ಇಲ್ಲ. ಇರುವ ದುಡ್ಡಿನಲ್ಲೇ ಯಾರಿಗೆ ಎಷ್ಟು ಮುಟ್ಟಿತು ಅಂತ ಕೇಳುವ ಕ್ರಮ ಅದು. 1984ರಲ್ಲಿ ಆಸ್ಟ್ರೇಲಿಯಾ ಇದನ್ನು ಶುರು ಮಾಡಿತು. ನಮ್ಮ ಕೇಂದ್ರ ಬಜೆಟ್ಟಿನ ಜೊತೆ 2005-06ರಿಂದ ಇದರ ಪಟ್ಟಿಯೊಂದು ಬರುತ್ತದೆ. ಕರ್ನಾಟಕವೂ 2007-08ರಿಂದ ತರುತ್ತಿದೆ. ಅದರಲ್ಲಿ ಮುಖ್ಯವಾಗಿ ಪೂರ್ತಿ ಹೆಂಗಸರಿಗೇ ಇರುವ ಯೋಜನೆಗಳು ಒಂದು ಕಡೆ, ಕನಿಷ್ಠ ಶೇ. 30 ಅವರಿಗೆ ಸಿಗುವಂಥವು ಇನ್ನೊಂದು ಕಡೆ.

ಕೇಳಲಿಕ್ಕೆ ಚಂದ. ಆದರೆ ಲೆಕ್ಕ ಸ್ವಲ್ಪ ಸಡಿಲ. ಕೇಂದ್ರದ ಗ್ರಾಮೀಣ ವಸತಿ ಯೋಜನೆಯನ್ನೇ ನೋಡಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬಹುದು. ಆದರೂ ಆ ಪಟ್ಟಿಯಲ್ಲಿ ಅದನ್ನು ನೂರಕ್ಕೆ ನೂರು ಮಹಿಳೆಯರ ಖರ್ಚು ಅಂತ ತೋರಿಸಿದ್ದಾರೆ. ಮೊತ್ತ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಇನ್ನು ನಮ್ಮೂರಿನ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ. ಆದರೆ ಮಂಗಳೂರು, ಉಡುಪಿಯ ಒಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ನರ್ಮ್ ಬಸ್ಸಿಗೆ, ಅಂದ್ರೆ ಸರ್ಕಾರಿ ಸಿಟಿ ಬಸ್ಸಿಗೆ, ಕಾದು ಕೂತರೆ ಕೆಲಸಕ್ಕೆ ಹೊತ್ತಾಗುತ್ತದೆ. ದಿನಾ ದುಡ್ಡು ಕೊಟ್ಟೇ ಹೋಗುವ ಸೇಲ್ಸ್‌ಗರ್ಲ್‌ಗೆ ಆ ಯೋಜನೆ ಎಷ್ಟು ಕೋಟಿಯದ್ದಾದರೇನು? ಯೋಜನೆ ತಪ್ಪು ಅಂತಲ್ಲ. ಕರಾವಳಿಯಲ್ಲಿ ಹೆಂಗಸರು ಯಾವ ಬಸ್ ಹತ್ತುತ್ತಾರೆ ಅಂತ ಮೊದಲೇ ಕೇಳಿದ್ದರೆ, ಇಲ್ಲಿಗೆ ಸರ್ಕಾರಿ ಬಸ್ ಜಾಸ್ತಿ ಮಾಡುವ ಮಾತೂ ಅದರ ಜೊತೆಗೇ ಬರುತ್ತಿತ್ತು.

ಇನ್ನೊಂದು ಹೇಳಲೇಬೇಕು. ಒಂದು ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ತಗೊಳ್ಳುವಾಗ, ‘ಇಲ್ಲಿ ಶೌಚಾಲಯ ಉಂಟಾ ಅಕ್ಕ?’ ಅಂತ ಮೀನು ಮಾರುವವರನ್ನು ಕೇಳಿದೆ. ‘ಶೌಚಾಲಯವೂ ಉಂಟು, ಬೀಗವೂ ಉಂಟು’ ಅಂದರು. ಕತ್ತಿ ನಿಲ್ಲಿಸದೆ, ‘ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ ಮಾರಾಯ್ರೆ. ಕುಡಿದ್ರೆ ಹೋಗುವುದೆಲ್ಲಿಗೆ?’ ಅಂತ ಸೇರಿಸಿದರು. ಬೆಳಗಾಗುವ ಮೊದಲೇ ದಕ್ಕೆಗೆ (ಮೀನಿನ ದೋಣಿ ಬಂದು ನಿಲ್ಲುವ ಕಡೆ) ಹೋಗಿ ಮೀನು ತಂದವರು ಅವರು.

ಕಡತದಲ್ಲಿ ಆ ಕಟ್ಟಡದ ಖರ್ಚು ‘ಆಗಿದೆ’. ತೊಳೆಯುವವರ ಸಂಬಳ, ನೀರಿನ ಬಿಲ್ಲು, ಕೀ ಯಾರ ಕೈಯಲ್ಲಿ ಇರಬೇಕು ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ನನ್ನ ಕೇಳಿದರೆ ಜೆಂಡರ್ ಬಜೆಟ್ ಇರಬೇಕಾದ್ದು ಇಂಥ ಕಡೆ. ಗುಲಾಬಿ ಬಣ್ಣ ಬಳಿದ ಕಟ್ಟಡದಲ್ಲಿ ಅಲ್ಲ.

ಹಾಗಾದರೆ ಕೇಳುವುದು ಎಲ್ಲಿ? ನಗರಸಭೆಯೋ ಪಾಲಿಕೆಯೋ ಬಜೆಟ್ಟಿಗೆ ಮೊದಲು ಪೂರ್ವಭಾವಿ ಸಭೆ ಕರೆಯುತ್ತದೆ. ಹಳ್ಳಿಯಲ್ಲಿ ವಾರ್ಡ್ ಸಭೆ, ಗ್ರಾಮಸಭೆ, ಮಹಿಳಾ ಗ್ರಾಮಸಭೆ ಉಂಟು. ಪಂಚಾಯತಿನ ಅರ್ಧ ಸೀಟು ಹೆಂಗಸರದ್ದೇ. ಆದರೆ ಸಭೆ ಹನ್ನೊಂದು ಗಂಟೆಗೆ ಇಟ್ಟರೆ ಮೀನಿನವರು ಮಾರ್ಕೆಟ್ಟಿನಲ್ಲಿ ಇರುತ್ತಾರೆ. ಬೀಡಿ ಕಟ್ಟುವವರಿಗೆ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡುವ ಗಡಿಬಿಡಿ. ಮೊದಲು ಸಭೆಯ ಹೊತ್ತು ಬದಲಿಸಲು ಒಂದು ಅರ್ಜಿ ಕೊಡಿ. ಸಭೆಗೆ ಹೋದಾಗ ‘ಮಹಿಳೆಯರಿಗೆ ಏನು ಇಟ್ಟಿದ್ದೀರಿ?’ ಅಂತ ಕೇಳಬೇಡಿ, ಹೊಲಿಗೆ ಮೆಷಿನ್ ಅನ್ನುತ್ತಾರೆ. ‘ಮಾರ್ಕೆಟ್ ಶೌಚಾಲಯ ತೊಳೆಯಲು ಈ ವರ್ಷ ಎಷ್ಟು ಇಟ್ಟಿದ್ದೀರಿ, ಕೀ ಯಾರ ಹತ್ತಿರ?’ ಅಂತ ಕೇಳಿ.