ಒಂದು ಕೇಬಲ್, ನಾಲ್ಕು ಕವಲು: ಮನೆಯೊಳಗಿನ ಸಿಗ್ನಲ್ ಗೋಜಲಾದ ಬಗೆ

ಮನೆಗೆ ಬರುವ ಕೇಬಲ್ ಒಂದೇ. ಹಾಲ್‌ನ ಟಿವಿ, ಮಲಗುವ ಕೋಣೆಯ ಟಿವಿ, ಇಂಟರ್ನೆಟ್ ಮೋಡೆಮ್ ಎಲ್ಲಕ್ಕೂ ಅದೇ ಸಾಲಬೇಕು. ಸಿಗ್ನಲ್ಲನ್ನು ಕವಲೊಡೆಸುವ ಸ್ಪ್ಲಿಟರ್ ಹಾಕಿದರೆ ಚಿತ್ರ ಒಡೆಯುತ್ತದೆ, ಅದನ್ನು ಹಿಗ್ಗಿಸುವ ಬೂಸ್ಟರ್ (ಆಂಪ್ಲಿಫೈಯರ್) ಸೇರಿಸಿದರೆ ಇಂಟರ್ನೆಟ್ ನಿಲ್ಲುತ್ತದೆ. ಬೂಸ್ಟರ್ ಬೇಕೇ ಬೇಕು ಎನ್ನುವವರೊಬ್ಬರು, ಮೊದಲು ಅದನ್ನು ಕಿತ್ತುಹಾಕಿ ಎನ್ನುವವರು ಇನ್ನೊಬ್ಬರು. ಇಬ್ಬರ ಮಾತೂ ಒಂದೊಂದು ಕಾಲಕ್ಕೆ ಸರಿಯಾಗಿದ್ದದ್ದೇ. ಕಾಲ ಬದಲಾದರೂ ಸಲಹೆ ಬದಲಾಗದೆ ಉಳಿದದ್ದರಿಂದ ಈ ಗೊಂದಲ.

ಕೇಬಲ್ ಟಿವಿ ಹುಟ್ಟಿದ್ದೇ ಸಿಗ್ನಲ್ ಹಂಚಿಕೊಳ್ಳುವ ಆಸೆಯಿಂದ. 1948ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಆಸ್ಟೋರಿಯಾದಲ್ಲಿ ಎಡ್ ಪಾರ್ಸನ್ಸ್ ಎಂಬುವರು ಸುಮಾರು 200 ಕಿ.ಮೀ. ದೂರದ ಸಿಯಾಟಲ್‌ನ ಪ್ರಸಾರ ಹಿಡಿಯಲು ಹೋಟೆಲೊಂದರ ಛಾವಣಿಯ ಮೇಲೆ ಆಂಟೆನಾ ನಿಲ್ಲಿಸಿ, ಅಲ್ಲಿಂದ ತಮ್ಮ ಮನೆಗೆ ತಂತಿ ಎಳೆದರು. ನೋಡಲು ಬಂದವರಿಂದ ಮನೆ ತುಂಬಿಹೋಯಿತು. ತಂತಿ ಹೋಟೆಲಿನ ಲಾಬಿಗೆ, ಅಂಗಡಿಗೆ, ನೆರೆಮನೆಗಳಿಗೆ ಕವಲೊಡೆಯಿತು. ಮುಂದಿನ ನಾಲ್ಕೈದು ದಶಕಗಳಲ್ಲಿ ತಂತಿ ಊರೂರಿಗೆ ಹಬ್ಬಿತು, ದಾರಿಯುದ್ದಕ್ಕೂ ಆಂಪ್ಲಿಫೈಯರ್‌ಗಳು ಸಾಲುಗಟ್ಟಿದವು, ಕೊನೆಗೆ ಫೈಬರ್ ಬಂದು ಆ ಸಾಲನ್ನು ಮೊಟಕುಗೊಳಿಸಿತು.

ಆ ಸಾಲನ್ನು ಮೊಟಕುಗೊಳಿಸಲು ಕಾರಣವಿತ್ತು. ಆಂಪ್ಲಿಫೈಯರ್ ಸಿಗ್ನಲ್ ಜೊತೆಗೆ ಅದರಲ್ಲಿ ಬೆರೆತ ನಾಯ್ಸನ್ನೂ (ಬೇಡದ ಗದ್ದಲವನ್ನೂ) ಅಷ್ಟೇ ಹಿಗ್ಗಿಸುತ್ತದೆ, ಮೇಲೆ ತನ್ನದನ್ನೂ ಚೂರು ಸೇರಿಸುತ್ತದೆ. ಕೇಬಲ್ ಜಾಲ ಕಟ್ಟಿದವರಿಗೆ ಇದು ಮೊದಲ ಪಾಠ. ಮನೆಯ ಹೊಸ್ತಿಲು ದಾಟಿ ಈ ಪಾಠ ಒಳಗೆ ಬರಲೇ ಇಲ್ಲ.

ಒಳಗಿನ ಲೆಕ್ಕ ಸರಳ. ಎರಡು ದಾರಿಯ ಸ್ಪ್ಲಿಟರ್‌ನ ಒಂದೊಂದು ಕವಲಿನಲ್ಲೂ ಸುಮಾರು 3.5 ಡೆಸಿಬೆಲ್ (ಸಿಗ್ನಲ್ ಏರಿಳಿತದ ಮಾನ) ಕಡಿತ: ಅರ್ಧ ಪಾಲು ಇನ್ನೊಂದು ಕವಲಿಗೆ ಹೋದದ್ದಕ್ಕೆ 3, ಪೆಟ್ಟಿಗೆಯೊಳಗೆ ಕಳೆದದ್ದಕ್ಕೆ ಉಳಿದ ಅರ್ಧ ಡೆಸಿಬೆಲ್. ನಾಲ್ಕು ದಾರಿಯದಾದರೆ ಸುಮಾರು 7, ಅಂದರೆ ಪ್ರತಿ ಕವಲಿಗೆ ಐದರಲ್ಲೊಂದು ಪಾಲು. ಅನಲಾಗ್ ಕಾಲದಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು. ಸಿಗ್ನಲ್ ಸೊರಗಿದಷ್ಟೂ ಪರದೆಯ ಮೇಲೆ ಚುಕ್ಕೆಗಳು ಹೆಚ್ಚುತ್ತಿದ್ದವು, ಟಿವಿಯ ಹಿಂದೆ ಬೂಸ್ಟರ್ ಸಿಕ್ಕಿಸಿದರೆ ಕೆಲವೊಮ್ಮೆ ಕಡಿಮೆಯಾಗುತ್ತಿದ್ದವು. ‘ಚಿತ್ರ ಸರಿಯಿಲ್ಲವೇ, ಬೂಸ್ಟರ್ ಹಾಕು’ ಎಂಬ ರೂಢಿ ಅಲ್ಲಿಂದಲೇ ಬೇರುಬಿಟ್ಟಿತು. ಆದರೆ ಬೂಸ್ಟರ್ ಇರಬೇಕಾದದ್ದು ಕವಲೊಡೆಯುವ ಮೊದಲು, ಸಿಗ್ನಲ್ ಇನ್ನೂ ಸ್ವಚ್ಛವಾಗಿರುವ ಕಡೆ. ನಾಯ್ಸ್‌ನಲ್ಲಿ ಮುಳುಗಿದ ಸಿಗ್ನಲ್ಲನ್ನು ಕೊನೆಯಲ್ಲಿ ಎಷ್ಟು ಹಿಗ್ಗಿಸಿದರೂ ಮುಳುಗಿದ್ದು ಮೇಲೇಳುವುದಿಲ್ಲ.

ಡಿಜಿಟಲ್ ಬಂದಾಗ ಚುಕ್ಕೆಗಳು ಮಾಯವಾದವು, ಅವುಗಳೊಂದಿಗೆ ಮುನ್ಸೂಚನೆಯೂ ಹೋಯಿತು. ಚಿತ್ರ ಇದ್ದರೆ ಪೂರ್ತಿ, ಇಲ್ಲದಿದ್ದರೆ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. 2012ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಪೂರ್ಣ ಡಿಜಿಟಲ್ ಆದ ಜಾಲಗಳಿಗೆ ಮೂಲ ಚಾನೆಲ್‌ಗಳನ್ನೂ ಎನ್‌ಕ್ರಿಪ್ಟ್ ಮಾಡಲು (ಗೂಢಲಿಪಿಯಲ್ಲಿ ಮುಚ್ಚಲು) ಅನುಮತಿ ಕೊಟ್ಟ ಮೇಲೆ, ಅಂಥ ಜಾಲಗಳಲ್ಲಿ ಅದನ್ನು ಬಿಡಿಸುವ ಸೆಟ್-ಟಾಪ್ ಬಾಕ್ಸ್ ಇಲ್ಲದ ಟಿವಿಗೆ ಎಷ್ಟು ಒಳ್ಳೆಯ ಸಿಗ್ನಲ್ ತಲುಪಿದರೂ ಪ್ರಯೋಜನವಿಲ್ಲದಾಯಿತು. ಬೈಗುಳ ಮಾತ್ರ ಸ್ಪ್ಲಿಟರ್‌ಗೇ.

ನಿಜವಾದ ತೊಡಕು ಶುರುವಾದದ್ದು ಮೋಡೆಮ್‌ನಿಂದ. 1997ರಲ್ಲಿ ಡಾಕ್ಸಿಸ್ ಎಂಬ ಮಾನದಂಡ ಬಂದ ಮೇಲೆ ಕೇಬಲ್ ಇಂಟರ್ನೆಟ್ ಹರಡಿತು. ಅಲ್ಲಿಯವರೆಗೆ ಮನೆಯ ತಂತಿಯಲ್ಲಿ ಸಿಗ್ನಲ್ ಬಹುತೇಕ ಒಳಗೆ ಬರುತ್ತಿತ್ತು, ಅಷ್ಟೇ. ಮೋಡೆಮ್ ಮರುಮಾತನ್ನೂ ಆಡುತ್ತದೆ, ಅದೂ ಕೆಳಗಿನ ಕಂಪನಾಂಕಗಳಲ್ಲಿ: ಉತ್ತರ ಅಮೆರಿಕದಲ್ಲಿ 5ರಿಂದ 42 ಮೆಗಾಹರ್ಟ್ಜ್, ಯೂರೋಪಿನಲ್ಲಿ 65ರವರೆಗೆ. ಟಿವಿಗೆಂದೇ ಮಾಡಿದ ಹಳೆಯ ಬೂಸ್ಟರ್‌ಗೆ ಈ ಹಿಮ್ಮುಖ ದಾರಿಯೇ ಇಲ್ಲ. ಚಿತ್ರ ಚೆನ್ನಾಗಿದೆ, ಮೋಡೆಮ್ ಮಾತ್ರ ಸತ್ತಂತೆ ಕೂತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಗೋಡೆಯ ಹಿಂದೆ ಮರೆತುಹೋದ ಆ ಪುಟ್ಟ ಪೆಟ್ಟಿಗೆಯನ್ನು.

ಸ್ಪ್ಲಿಟರ್‌ಗಳು ಎರಡೂ ದಿಕ್ಕಿಗೆ ಬಿಡುತ್ತವೆ, ಆದರೆ ಎರಡೂ ದಿಕ್ಕಿನಲ್ಲಿ ಕಡಿತ ಮಾಡುತ್ತವೆ. ದಾರಿಯಲ್ಲಿ ನಷ್ಟ ಹೆಚ್ಚಿದಷ್ಟೂ ಮೋಡೆಮ್ ದನಿ ಏರಿಸುತ್ತದೆ. ಅದಕ್ಕೂ ಒಂದು ಮಿತಿಯಿದೆ, ಅಲ್ಲಿಗೆ ತಲುಪಿದ ಮೇಲೆ ಸಂಪರ್ಕ ಕಡಿದು ಕಡಿದು ಬರುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಆ ಕೆಳಗಿನ ಕಂಪನಾಂಕಗಳಲ್ಲೇ ಶಾರ್ಟ್‌ವೇವ್ ರೇಡಿಯೊ ಇದೆ, ಮೋಟಾರುಗಳ ಕಿಡಿಯ ಗದ್ದಲವಿದೆ. ಸಡಿಲವಾದ ಕನೆಕ್ಟರ್ ಒಂದರಿಂದ ಅದು ತಂತಿಯೊಳಗೆ ನುಗ್ಗಿದರೆ ಆ ಮನೆಯಲ್ಲಷ್ಟೇ ಉಳಿಯುವುದಿಲ್ಲ. ಹಿಮ್ಮುಖ ದಾರಿಯಲ್ಲಿ ಎಲ್ಲ ಮನೆಗಳ ಗದ್ದಲವೂ ಒಂದೆಡೆ ಕೂಡಿ, ಇಡೀ ಬೀದಿಯ ಇಂಟರ್ನೆಟ್ ಸೊರಗುತ್ತದೆ. ಕೈಯಲ್ಲಿ ತಿರುಚಿ ಕೂಡಿಸಿದ ತಂತಿ, ಮುಚ್ಚಳವಿಲ್ಲದ ಪೋರ್ಟು, ಒಂದರ ಹಿಂದೊಂದು ಪೋಣಿಸಿದ ಮೂರು ಸ್ಪ್ಲಿಟರ್‌ಗಳು, ಇವನ್ನು ಸರಿಪಡಿಸುವ ಮೊದಲು ಬೂಸ್ಟರ್ ತರುವುದರಲ್ಲಿ ಅರ್ಥವಿಲ್ಲ.

ಅಳತೆ ನೋಡುವುದೂ ಕಷ್ಟವಲ್ಲ. ಬಹಳಷ್ಟು ಮೋಡೆಮ್‌ಗಳ ಬ್ರೌಸರ್‌ನಲ್ಲಿ ತೆರೆಯುವ ಒಳಪುಟದಲ್ಲೇ ಸಿಗ್ನಲ್ ಮಟ್ಟ ಬರೆದಿರುತ್ತದೆ. ಒಳಬರುವ ಸಿಗ್ನಲ್‌ಗೆ ಡಾಕ್ಸಿಸ್ ಒಪ್ಪುವ ಮಿತಿ ಮೈನಸ್ 15ರಿಂದ ಪ್ಲಸ್ 15 ಡಿಬಿಎಂವಿ (ಸಿಗ್ನಲ್ ಬಲದ ಮಾನ). ಸೊನ್ನೆಯ ಆಸುಪಾಸಿದ್ದರೆ ನೆಮ್ಮದಿ. ಕೇಬಲ್ ಒಳಬಂದ ಕೂಡಲೇ ಎರಡು ದಾರಿಯ ಸ್ಪ್ಲಿಟರ್, ಅದರ ಒಂದು ಕವಲು ನೇರ ಮೋಡೆಮ್‌ಗೆ, ಇನ್ನೊಂದು ಟಿವಿಗಳಿಗೆ, ಬೂಸ್ಟರ್ ಬೇಕೇ ಬೇಕಾದರೆ ಆ ಎರಡನೆಯ ಕವಲಿನಲ್ಲಿ ಮಾತ್ರ, ಅದು ಟಿವಿಗಳಿಗೆ ಒಡೆಯುವ ಮೊದಲು. ಈ ಜೋಡಣೆಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಬಳಸದ ಪೋರ್ಟಿಗೆ 75 ಓಮ್ ಟರ್ಮಿನೇಟರ್ (ಪೋರ್ಟಿನ ಬಾಯಿಗೆ ಕೂರುವ ಪುಟ್ಟ ಮುಚ್ಚಳ) ಹಾಕಬೇಕು.

ಹಿಮ್ಮುಖ ದಾರಿಯಿರುವ ಹೊಸ ಬೂಸ್ಟರ್‌ಗಳು ಬಂದವು. ಆದರೆ ಅವುಗಳಲ್ಲಿ ಹಲವು 42 ಮೆಗಾಹರ್ಟ್ಜ್‌ಗೇ ಗೆರೆ ಎಳೆದಿವೆ. ಈಗ ಜಾಲಗಳು ಅಪ್‌ಲೋಡ್ ವೇಗಕ್ಕಾಗಿ ಆ ಗೆರೆಯನ್ನು 85ಕ್ಕೆ, 204ಕ್ಕೆ ಏರಿಸುತ್ತಿವೆ. ನಿನ್ನೆ ನೆರವಾದ ಪೆಟ್ಟಿಗೆ ಇಂದು ಮತ್ತೆ ಅಡ್ಡಗೋಡೆ. ಮೋಕಾ ತಂತ್ರಜ್ಞಾನವಂತೂ 1125ರಿಂದ 1675 ಮೆಗಾಹರ್ಟ್ಜ್‌ನಲ್ಲಿ, 1000ದವರೆಗೆಂದು ಬರೆದ ಸ್ಪ್ಲಿಟರ್‌ಗಳ ಮಿತಿಯಾಚೆ, ಇದೇ ಕೇಬಲ್ ಮೂಲಕ ಕೋಣೆಯಿಂದ ಕೋಣೆಗೆ ಇಂಟರ್ನೆಟ್ ಒಯ್ಯುತ್ತದೆ. ಅಲ್ಲಿ ಸಿಗ್ನಲ್ ಸ್ಪ್ಲಿಟರ್‌ನ ಒಂದು ಔಟ್ ಪೋರ್ಟಿನಿಂದ ಇನ್ನೊಂದು ಔಟ್ ಪೋರ್ಟಿಗೆ ಹಾಯುತ್ತದೆ. ಹಳೆಯ ಸ್ಪ್ಲಿಟರ್ ಮಾಡಿದವರು ತಡೆಯಲು ಶ್ರಮಿಸಿದ್ದೇ ಆ ಹಾಯುವಿಕೆಯನ್ನು. ಮೋಕಾ ಸಿಗ್ನಲ್ ನೆರೆಮನೆಗೆ ಸೋರದಿರಲೆಂದು, ಕೇಬಲ್ ಒಳಬರುವ ಕಡೆ ಬೆರಳುದ್ದದ ಫಿಲ್ಟರ್ ಒಂದನ್ನು ಕೂರಿಸಲಾಗುತ್ತದೆ.